ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು

ಪ್ರತಿ ಭಾನುವಾರ ಬೋಧಿಸುವ ವಾಕ್ಯಭಾಗವನ್ನು ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಸಭಾಪಾಲಕನಾದ ಮೊದಲ ವಾರದಿಂದಲೂ ನನ್ನ ರೂಢಿ. ಒಂದು ರಾತ್ರಿ 11 ವರ್ಷಗಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಸತ್ಯವೇದದ 66 ಪುಸ್ತಕಗಳ ಹೆಸರನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಯಾವುದರಿಂದ ಎಷ್ಟು ಸಲ ಬೋಧಿಸಿದ್ದೇನೆ ಎಂದು ಗೆರೆ ಎಳೆಯುತ್ತ ಹೋದೆ. ಕೀರ್ತನೆಗಳು, ಯೋಹಾನ, ರೋಮಾಪುರದವರಿಗೆ ಬರೆದ ಪತ್ರಿಕೆ ಇವುಗಳ ಮುಂದೆ ಗೆರೆಗಳು ಬೇಲಿಯ ಹಾಗೆ ಬೆಳೆದವು. ಮೀಕನ ಮುಂದೆ ಎರಡೇ ಗೆರೆ; ಎರಡೂ ಡಿಸೆಂಬರಿನವು, ಬೇತ್ಲೆಹೇಮಿನ ವಚನಕ್ಕಾಗಿ ಮಾತ್ರ. ಯಾಕೋಬನ ಪತ್ರಿಕೆಯಿಂದ ನಾಲಿಗೆಯನ್ನು ಹತೋಟಿಯಲ್ಲಿಡುವ ಬಗ್ಗೆ ಮೂರು ಸಲ ಬೋಧಿಸಿದ್ದೆ, ತಡೆಹಿಡಿದ ಕೂಲಿಯ ಬಗ್ಗೆ ಒಮ್ಮೆಯೂ ಇಲ್ಲ. ಆಮೋಸನ ಮುಂದೆ ಒಂದೇ ಒಂದು ಗೆರೆ. ಅದೂ ಹಿಂದಿನ ತಿಂಗಳದ್ದು.

ಆ ಒಂದು ಗೆರೆಯೇ ನನ್ನನ್ನು ಈ ಲೆಕ್ಕಕ್ಕೆ ಕೂರಿಸಿದ್ದು. ಚುನಾವಣೆ ಮುಗಿದು ವಾರವಾಗಿತ್ತು. ಒಂದೇ ಹಾಡಿನ ಪುಸ್ತಕವನ್ನು ಹಂಚಿಕೊಂಡು ಹಾಡುತ್ತಿದ್ದ ಎರಡು ಕುಟುಂಬಗಳು ಸಭೆಯ ಎರಡು ತುದಿಗಳಲ್ಲಿ ಕೂರತೊಡಗಿದ್ದವು. ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಾರ್ಥನಾ ವಿನಂತಿಗಳ ನಡುವೆ ಬೈಗುಳ ನುಸುಳಿತ್ತು. ನನಗೆ ಸಿಟ್ಟು ಬಂದಿತ್ತು. ಆಮೋಸನ ಐದನೆಯ ಅಧ್ಯಾಯ ತೆಗೆದು, ನ್ಯಾಯವು ಹೊಳೆಯಂತೆ ಹರಿಯಲಿ ಎಂಬ ಮಾತನ್ನು ಹಿಡಿದು ಮುಕ್ಕಾಲು ಗಂಟೆ ಗುಡುಗಿದೆ. ಬಾಗಿಲಲ್ಲಿ ಒಬ್ಬರು ನನ್ನ ಕೈ ಹಿಡಿಯದೆ ಹೇಳಿದರು: “ಅಯ್ಯನವರೇ, ವಾರವೆಲ್ಲ ಈ ಜಗಳ ಕೇಳಿ ಸಾಕಾಗಿ ದೇವರ ಮನೆಗೆ ಬರುತ್ತೇವೆ. ಇಲ್ಲಿಯೂ ಅದೇನಾ?” ಅವರ ಕುಟುಂಬ ಮುಂದಿನ ವಾರದಿಂದ ಬರಲಿಲ್ಲ. ಆದರೆ ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಬ್ಬರ ಮೆಚ್ಚುಗೆ. “ಸರಿಯಾಗಿ ಕೊಟ್ಟಿರಿ ಅವರಿಗೆ” ಎಂದು ಅವರು ಬೆನ್ನು ತಟ್ಟಿದರು.

“ಅವರಿಗೆ.” ಆ ಪದ ರಾತ್ರಿಯೆಲ್ಲ ಕಿವಿಯಲ್ಲಿತ್ತು. ಅಷ್ಟು ಹೊತ್ತು ಬೋಧಿಸಿಯೂ ಒಬ್ಬರಾದರೂ ಆ ಮಾತು ತಮಗೆ ಎಂದು ಕೇಳಿಸಿಕೊಂಡಿರಲಿಲ್ಲ. ನಾನೂ ಕೇಳಿಸಿಕೊಂಡಿರಲಿಲ್ಲ. ಮತ್ತೆ ಆಮೋಸನನ್ನು ಮೊದಲಿನಿಂದ ಓದಿದೆ. ತೆಕೋವ ಊರಿನ ಕುರುಬನಾಗಿದ್ದ ಈ ಪ್ರವಾದಿ ಇಸ್ರಾಯೇಲರ ಮುಂದೆ ನಿಂತು ಮೊದಲು ಬೈಯುವುದು ದಮಸ್ಕವನ್ನು. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಒಂದೊಂದಕ್ಕೂ ಕೇಳುಗರು ಹೌದು ಹೌದು ಎಂದು ತಲೆದೂಗಿರಬೇಕು. ಏಳನೆಯದು ಯೆಹೂದ, ನೆರೆಮನೆ. ಎಂಟನೆಯದು ಅವರದೇ ಮನೆ: ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರಿದ ಇಸ್ರಾಯೇಲ್. ಸುತ್ತಲಿನವರ ಮೇಲೆ ಎಸೆದ ಬಲೆ ಕೊನೆಗೆ ತಲೆದೂಗಿದವರ ಮೇಲೆಯೇ ಬೀಳುತ್ತದೆ. ನಾನು ಆ ಎಂಟನೆಯ ಮನೆಗೆ ಬಂದೇ ಇರಲಿಲ್ಲ.

1807ರಲ್ಲಿ ಲಂಡನ್ನಿನಲ್ಲಿ ಒಂದು ಸತ್ಯವೇದ ಅಚ್ಚಾಯಿತು, ವೆಸ್ಟ್ ಇಂಡೀಸಿನ ಬ್ರಿಟಿಷ್ ದ್ವೀಪಗಳ ಗುಲಾಮರಿಗಾಗಿ. ಐಗುಪ್ತದ ದಾಸತ್ವದಿಂದ ಜನ ಬಿಡುಗಡೆಯಾಗಿ ಹೊರಟ ಭಾಗ ಅದರಲ್ಲಿಲ್ಲ. ಕ್ರಿಸ್ತನಲ್ಲಿ ದಾಸನೆಂದೂ ಸ್ವತಂತ್ರನೆಂದೂ ಭೇದವಿಲ್ಲ ಎಂಬ ಗಲಾತ್ಯದ ವಚನವೂ ಇಲ್ಲ. ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ ಎಂಬುದು ಮಾತ್ರ ಇದೆ. ಹಳೆಯ ಒಡಂಬಡಿಕೆಯ ಸುಮಾರು ಶೇಕಡ 90 ಭಾಗ, ಹೊಸ ಒಡಂಬಡಿಕೆಯ ಅರ್ಧದಷ್ಟು ಅದರಲ್ಲಿ ಬಿಟ್ಟುಹೋಗಿದೆ. ವೇದಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ಕುದಿದಿದ್ದೆ. ಆ ರಾತ್ರಿ ಮೇಜಿನ ಮೇಲಿನ ಹಾಳೆಯನ್ನು ನೋಡುತ್ತ ಅದೇ ನೆನಪಾಯಿತು. ನಾನು ಯಾವ ಪುಟವನ್ನೂ ಕತ್ತರಿಸಿರಲಿಲ್ಲ, ತೆರೆಯದೆ ಬಿಟ್ಟಿದ್ದೆ ಅಷ್ಟೆ. ನನ್ನ ಸಭೆಯಲ್ಲಿ ಬೆಳೆದ ಮಗುವಿಗೆ ಆ ಎರಡರ ನಡುವೆ ಏನು ವ್ಯತ್ಯಾಸ?

ಪ್ರಸಂಗಪೀಠದಿಂದ ಇದನ್ನು ಸರಿಮಾಡಲಾಗದು ಎಂದು ಅಷ್ಟರಲ್ಲಿ ಖಚಿತವಾಗಿತ್ತು. ಪೀಠದ ಮೇಲಿದ್ದವನಿಗೆ ಯಾರೂ ಎದುರು ಮಾತನಾಡುವುದಿಲ್ಲ, ಬರುವುದನ್ನು ನಿಲ್ಲಿಸಬಹುದು ಅಷ್ಟೆ. ಆದ್ದರಿಂದ ವಾರದ ನಡುವೆ ಒಂದು ಸಂಜೆ, ಎರಡೂ ಕಡೆಯವರಿರುವ ಹಾಗೆ ಒಬ್ಬೊಬ್ಬರ ಮನೆಗೂ ಹೋಗಿ ಕರೆದು, ಹದಿಮೂರು ಜನರ ಒಂದು ವೇದಪಾಠದ ಗುಂಪು ಮಾಡಿದೆ. ಕ್ರಮವನ್ನು ಎರವಲು ಪಡೆದದ್ದು ಬೆಲ್ಜಿಯಮ್ಮಿನ ಪಾದ್ರಿ ಜೋಸೆಫ್ ಕಾರ್ಡೈನ್ ಅವರಿಂದ. ಪಾದ್ರಿಯಾಗಲು ಓದುತ್ತಿದ್ದ ಕಾಲದಲ್ಲಿ ರಜೆಗೆ ಊರಿಗೆ ಬಂದ ಅವರನ್ನು, ಕಾರ್ಖಾನೆ ಸೇರಿದ್ದ ಬಾಲ್ಯದ ಗೆಳೆಯರು ದೂರವಿಟ್ಟರು. ಇವನು ಮಾಲೀಕರ ಕಡೆಗೆ ಸೇರಿಹೋದ ಎಂದುಕೊಂಡರು. ಆ ನೋವು ಅವರ ಜೀವನದ ದಿಕ್ಕನ್ನೇ ಬದಲಿಸಿತು. 1925ರಲ್ಲಿ ಅವರು ಕಟ್ಟಿದ ಯುವ ಕಾರ್ಮಿಕರ ಚಳವಳಿಯ ಪಾಠ ಮೂರೇ ಪದಗಳದ್ದು: ನೋಡು, ವಿವೇಚಿಸು, ಕಾರ್ಯಕ್ಕಿಳಿ. 1961ರಲ್ಲಿ ಪೋಪ್ ಇಪ್ಪತ್ಮೂರನೆಯ ಜಾನ್ ಅದನ್ನು ಇಡೀ ಕಥೋಲಿಕ ಸಭೆಗೆ ಶಿಫಾರಸು ಮಾಡಿದರು. ನಾನು ಪ್ರೊಟೆಸ್ಟಂಟ್ ಸಭೆಯವನು. ಒಳ್ಳೆಯ ಉಪಕರಣ ಯಾರ ಮನೆಯಲ್ಲಿದ್ದರೇನು ಎಂದು ತೆಗೆದುಕೊಂಡೆ.

ನಮ್ಮದೇ ಕೆಲವು ನಿಯಮಗಳನ್ನೂ ಸೇರಿಸಿದೆವು. ವಾಕ್ಯಭಾಗವನ್ನು ಮೂವರು ಬೇರೆ ಬೇರೆ ಸ್ವರದಲ್ಲಿ ಮೂರು ಸಲ ಓದಬೇಕು. ಒಬ್ಬರ ಮಾತನ್ನು ಅಲ್ಲಗಳೆಯುವ ಮೊದಲು ಆ ಮಾತನ್ನು ಅವರಿಗೇ ತಿರುಗಿ ಹೇಳಿ, “ಹೌದು, ನಾನು ಹೇಳಿದ್ದು ಅದನ್ನೇ” ಎಂದು ಅವರಿಂದ ಅನ್ನಿಸಿಕೊಳ್ಳಬೇಕು. ಇದು ಕೇಳುವುದಕ್ಕೆ ಸುಲಭ. ಮೊದಲ ಎರಡು ವಾರ ಒಬ್ಬರಿಗೂ ಆಗಲಿಲ್ಲ. ತಿರುಗಿ ಹೇಳುವಾಗ ಎದುರಾಳಿಯ ಮಾತಿಗೆ ನಮಗೆ ಬೇಕಾದ ಬಣ್ಣ ತಾನಾಗಿಯೇ ಹತ್ತಿಕೊಳ್ಳುತ್ತಿತ್ತು. ನಿವೃತ್ತ ಮೇಷ್ಟರೊಬ್ಬರು ಒಬ್ಬ ಯುವಕನ ಮಾತನ್ನು ನಾಲ್ಕು ಸಲ ಹೇಳಿದರೂ ಅವನು “ಅಲ್ಲ ಸರ್” ಎನ್ನುತ್ತಲೇ ಇದ್ದ. ಐದನೆಯ ಸಲ “ಹೌದು” ಎಂದಾಗ ಇಬ್ಬರಿಗೂ ಬೆವರು ಬಂದಿತ್ತು. ಇನ್ನೊಂದು ನಿಯಮ ಮೊಬೈಲಿಗೆ ಸಂಬಂಧಿಸಿದ್ದು: ತಾನೇ ಪರಿಶೀಲಿಸದ ಸುದ್ದಿಯನ್ನು ಯಾರೂ ಈ ಕೋಣೆಗೆ ತರಬಾರದು, ಸಭೆಯ ಗುಂಪಿಗೂ ಕಳುಹಿಸಬಾರದು. ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆ ನ್ಯಾಯಾಲಯದ ಕಟಕಟೆಗೆ ಮಾತ್ರ ಎಂದು ತಿಳಿದಿದ್ದೆವು. ಹೆಬ್ಬೆರಳಿನಿಂದಲೂ ಅದನ್ನು ಮೀರಬಹುದು ಎಂದು ಹೇಳಿದ್ದು ಗುಂಪಿನಲ್ಲಿದ್ದ ಹದಿನೇಳರ ಹುಡುಗಿ.

ಎರಡು ವಾರ ನಾವು ಒಂದೇ ಪದದ ಮೇಲೆ ಕಳೆದೆವು. ನೀತಿಗಾಗಿ ಹಸಿದು ಬಾಯಾರಿದವರು ಧನ್ಯರು ಎಂದು ಬೆಟ್ಟದ ಪ್ರಸಂಗದಲ್ಲಿ ಓದುತ್ತೇವಲ್ಲ, ಆ ನೀತಿ. ಕನ್ನಡದಲ್ಲಿ ನೀತಿ ಎಂದರೆ ಒಬ್ಬನ ನಡತೆ: ಸುಳ್ಳು ಹೇಳದಿರುವುದು, ಕುಡಿಯದಿರುವುದು, ಹಿರಿಯರಿಗೆ ತಗ್ಗಿ ನಡೆಯುವುದು. ನ್ಯಾಯ ಎಂದರೆ ಕಟ್ಟೆಯ ಮೇಲೆ, ಕೋರ್ಟಿನಲ್ಲಿ ಸಿಗುವಂಥದ್ದು. ಆದರೆ ಅಲ್ಲಿನ ಗ್ರೀಕ್ ಪದದಲ್ಲಿ ಈ ಎರಡೂ ಒಂದೇ. ಪ್ರವಾದಿಗಳ ಹೀಬ್ರೂ ಭಾಷೆಯಲ್ಲಿ ಮಿಷ್ಪಾಟ್, ಸೆದಾಕಾ ಎಂಬ ಎರಡು ಪದಗಳು ಜೋಡೆತ್ತಿನ ಹಾಗೆ ಮತ್ತೆ ಮತ್ತೆ ಜೊತೆಯಾಗಿಯೇ ಬರುತ್ತವೆ. ಒಂದು, ಅವರವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವುದು. ಇನ್ನೊಂದು, ದೇವರೊಂದಿಗೂ ನೆರೆಯವರೊಂದಿಗೂ ಸಂಬಂಧ ನೆಟ್ಟಗಿರುವುದು. ನಮ್ಮ ಓದಿನಲ್ಲಿ ನೀತಿ ಎದೆಯೊಳಗೆ ಉಳಿಯಿತು, ನ್ಯಾಯ ಬೀದಿಗೆ ಹೋಯಿತು. ಎದೆಯವರು ಒಂದು ಪಂಗಡ, ಬೀದಿಯವರು ಇನ್ನೊಂದು ಪಂಗಡವಾದೆವು. ಅನುವಾದ ತಪ್ಪು ಎನ್ನುತ್ತಿಲ್ಲ. ಯಾವ ಪದ ಹಾಕಿದರೂ ಒಂದು ಬದಿ ಹೊರಗುಳಿಯುತ್ತದೆ. ನಾನು ಈಗ ಆ ವಚನ ಓದುವಾಗ “ನೀತಿನ್ಯಾಯಗಳಿಗಾಗಿ” ಎಂದು ಓದುತ್ತೇನೆ.

ಗುಂಪಿನ ಹಿರಿಯರೊಬ್ಬರಿಗೆ ಇದು ಹಿಡಿಸಲಿಲ್ಲ. “ಸುವಾರ್ತೆ ಸಾರುವುದು ನಮ್ಮ ಕೆಲಸ. ಸಮಾಜ ತಿದ್ದುವುದಕ್ಕೆ ಬೇರೆಯವರಿದ್ದಾರೆ” ಎಂದರು. ಅವರ ಭಕ್ತಿಯ ಬಗ್ಗೆ ನನಗೆ ಅಪಾರ ಗೌರವ. ನನ್ನ ಕಷ್ಟದ ದಿನಗಳಲ್ಲಿ ನನಗಾಗಿ ಮೊಣಕಾಲೂರಿದವರು. ವಾದಕ್ಕಿಳಿಯದೆ, 1974ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನಿನಲ್ಲಿ ಸುಮಾರು 150 ದೇಶಗಳ ಸುವಾರ್ತಾ ಪಂಥದವರು ಸೇರಿ ಮಾಡಿಕೊಂಡ ಒಪ್ಪಂದದ ಐದನೆಯ ಭಾಗವನ್ನು ಅವರ ಕೈಗೆ ಕೊಟ್ಟೆ. ಸುವಾರ್ತೆ ಸಾರುವುದೂ ಸಮಾಜದ ಹೊಣೆಯೂ ಒಂದಕ್ಕೊಂದು ವಿರುದ್ಧ ಎಂದು ಕೆಲವೊಮ್ಮೆ ಎಣಿಸಿದ್ದಕ್ಕಾಗಿ ಅವರು ಅಲ್ಲಿ ಪಶ್ಚಾತ್ತಾಪಪಟ್ಟಿದ್ದಾರೆ. ಅದು ತಮ್ಮದೇ ಪರಂಪರೆಯ ದನಿ ಎಂಬ ಕಾರಣಕ್ಕೆ ಅವರು ಓದಿದರು. ಒಪ್ಪಿದರು ಎನ್ನಲಾರೆ. ಗುಂಪು ಬಿಟ್ಟು ಹೋಗಲಿಲ್ಲ.

ನಾಲ್ಕನೆಯ ವಾರ. ಮೇಷ್ಟರಿಂದ ಐದು ಸಲ ಹೇಳಿಸಿದ ಆ ಯುವಕ ಕಿಟಕಿಯ ಕಡೆ ನೋಡುತ್ತ ಕೇಳಿದ: “ಅಮ್ಮ ಯಾಕೆ ಹೊರಗೆ ಕೂತಿದ್ದಾರೆ?” ದೇವಾಲಯದ ಕಸ ಗುಡಿಸುವ ಅಮ್ಮ. ನಾವು ಮುಗಿಸಿ ಎದ್ದ ಮೇಲೆ ಗುಡಿಸಿ, ದೀಪ ಆರಿಸಿ, ಬಾಗಿಲು ಹಾಕಿ ಹೋಗಬೇಕಲ್ಲ, ಅದಕ್ಕಾಗಿ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ನಾಲ್ಕೂ ವಾರ ಕಾದಿದ್ದರು. ಅವರು ಅದೇ ಸಭೆಯ ಸದಸ್ಯರು. ನಾನೇ ಅವರ ಮೊಮ್ಮಗುವಿಗೆ ದೀಕ್ಷಾಸ್ನಾನ ಕೊಟ್ಟಿದ್ದೆ. ನ್ಯಾಯದ ಬಗ್ಗೆ ಮಾತನಾಡಲು ಮನೆಮನೆಗೆ ಹೋಗಿ ಹದಿಮೂರು ಜನರನ್ನು ಕರೆದಿದ್ದ ನನಗೆ ಅವರ ಹೆಸರು ಹೊಳೆದಿರಲಿಲ್ಲ.

ಎದ್ದು ಹೋಗಿ ಕರೆದೆ. ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ ಒಳಗೆ ಬಂದರು. ಆ ದಿನದ ಭಾಗ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ. ಮೂರನೆಯ ಓದನ್ನು ಅವರೇ ಮಾಡಲಿ ಎಂದು ಹುಡುಗಿ ತನ್ನ ಸತ್ಯವೇದವನ್ನು ಅವರ ಮುಂದಿಟ್ಟಳು. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದರು. ಚಿನ್ನದ ಉಂಗುರ ಹಾಕಿಕೊಂಡವನು ಸಭೆಗೆ ಬರುತ್ತಾನೆ, ಕೊಳಕು ಬಟ್ಟೆಯ ಬಡವನೂ ಬರುತ್ತಾನೆ. ಉಂಗುರದವನಿಗೆ ಒಳ್ಳೆಯ ಸ್ಥಳ ತೋರಿಸಿ, ಬಡವನಿಗೆ ನೀನು ಅಲ್ಲಿ ನಿಂತುಕೋ, ಇಲ್ಲವೆ ನನ್ನ ಕಾಲುಮಣೆಯ ಹತ್ತಿರ ಕೂತುಕೋ ಎನ್ನುತ್ತೀರಿ. ಅಲ್ಲಿ ಅವರ ಬೆರಳು ನಿಂತಿತು. ಯಾರೂ ಉಸಿರೆತ್ತಲಿಲ್ಲ. ಬಾಗಿಲ ಪಕ್ಕದ ಕೊನೆಯ ಬೆಂಚು ಅವರ ಜಾಗವೆಂದು ನಮಗೆಲ್ಲ ಗೊತ್ತಿತ್ತು.

“ನನಗೆ ಯಾರೂ ಹೀಗೆ ಹೇಳಿಲ್ಲ ಅಯ್ಯನವರೇ” ಎಂದರು, ಬೆರಳನ್ನು ಎತ್ತದೆ. “ಹೇಳುವ ಪ್ರಮೇಯವೇ ಬರಲಿಲ್ಲ. ನಾನೇ ಹೋಗಿ ಅಲ್ಲಿ ಕೂರುತ್ತಿದ್ದೆ.”

ವೇದಶಾಸ್ತ್ರದ ಎಷ್ಟೋ ಪುಸ್ತಕ ಓದಿದ್ದೇನೆ. ರಚನಾತ್ಮಕ ಪಾಪ ಎಂಬ ಮಾತಿಗೆ ಆ ಎರಡು ವಾಕ್ಯಗಳಿಗಿಂತ ಸ್ಪಷ್ಟವಾದ ವಿವರಣೆಯನ್ನು ಎಲ್ಲಿಯೂ ಕಂಡಿಲ್ಲ. ಹೇಳುವವರೇ ಇಲ್ಲದೆ ಒಬ್ಬರು ತಾವಾಗಿ ಹೋಗಿ ಕಾಲುಮಣೆಯ ಬಳಿ ಕೂರುವ ಹಾಗೆ ಒಂದು ಮನೆ ಇರುವುದು, ಆ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿಯೇ ಇರುವುದು.

ಮುಂದಿನ ವಾರ ಅದೇ ಪತ್ರಿಕೆಯ ಐದನೆಯ ಅಧ್ಯಾಯ: ನಿಮ್ಮ ಹೊಲ ಕೊಯ್ದವರಿಂದ ನೀವು ತಡೆಹಿಡಿದ ಕೂಲಿ ಕೂಗುತ್ತದೆ. ಯುವಕ ನೇರವಾಗಿ ಕೇಳಿಬಿಟ್ಟ: “ಅಮ್ಮ, ನಿಮಗೆ ಸಂಬಳ ಸರಿಯಾಗಿ ಬರುತ್ತಿದೆಯೇ?” ಅಮ್ಮ ನನ್ನ ಮುಖ ನೋಡಿ, ಆಮೇಲೆ ಖಜಾಂಚಿಯ ಮುಖ ನೋಡಿ ಸುಮ್ಮನಾದರು. ಖಜಾಂಚಿ ಪ್ರಾಮಾಣಿಕ ಮನುಷ್ಯ, ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವರು. ಒಂದೂ ಮಾತಾಡದೆ ಎದ್ದು ಕಪಾಟಿನಿಂದ ಲೆಕ್ಕಪುಸ್ತಕ ತಂದು ಮೇಜಿನ ಮೇಲೆ ಸತ್ಯವೇದದ ಪಕ್ಕದಲ್ಲಿ ಬಿಚ್ಚಿದರು. ಧರ್ಮಕಾರ್ಯ ಎಂಬ ಶಿರೋನಾಮೆಯ ಕೆಳಗೆ, ದೂರದ ನಾಡುಗಳ ಬಡವರಿಗೆ ಕಳುಹಿಸಿದ ಹಣ ತಿಂಗಳು ತಪ್ಪದೆ, ದುಂಡಾದ ಅಕ್ಷರಗಳಲ್ಲಿ. ಅಮ್ಮನ ಸಂಬಳ ಇದ್ದದ್ದು ಇತರೆ ಖರ್ಚು ಎಂಬಲ್ಲಿ, ಮೇಣದ ಬತ್ತಿ ಮತ್ತು ಸೋಪಿನ ನಡುವೆ. ಕಾಣಿಕೆ ಚೆನ್ನಾಗಿ ಬಂದ ತಿಂಗಳು ಪೂರ್ತಿ, ಬಾರದ ತಿಂಗಳು ಅರ್ಧ, ಕೆಲವು ತಿಂಗಳು ಬರೀ ಒಂದು ಅಡ್ಡಗೆರೆ. ಆರು ವರ್ಷದಿಂದ ಮೊತ್ತ ಏರಿಸಿಯೇ ಇರಲಿಲ್ಲ. ಎಲ್ಲ ಪುಟಗಳ ಕೆಳಗೂ ಲೆಕ್ಕ ಸರಿಯಾಗಿದೆ ಎಂದು ಸಹಿ ಮಾಡಿದವನು ನಾನು.

ಇಲ್ಲಿ ಒಂದು ಪದದ ಮೇಲೆ ನನ್ನ ದೂರಿದೆ: ಸೇವೆ. ಕ್ರೈಸ್ತರಾದ ನಮ್ಮ ಬಾಯಲ್ಲಿ ಅದಕ್ಕಿಂತ ಸಿಹಿಯಾದ ಪದವಿಲ್ಲ. ಯೇಸು ಶಿಷ್ಯರ ಕಾಲು ತೊಳೆದದ್ದು ಸೇವೆ. ಆದರೆ ಅದೇ ಪದವನ್ನು ನಾವು ಅಮ್ಮನ ಕೆಲಸಕ್ಕೂ ಇಟ್ಟೆವು. ಕೂಲಿ ಕೇಳಿದರೆ ಸೇವೆಯ ಮನಸ್ಸಿಲ್ಲ ಎಂದಾಗುತ್ತದೆ ಎಂಬ ಹೆದರಿಕೆಯನ್ನು ಅವರ ಎದೆಯಲ್ಲಿ ನೆಟ್ಟೆವು. ಯೇಸು ಟವೆಲು ಕಟ್ಟಿಕೊಂಡದ್ದು ತಾನು, ಇನ್ನೊಬ್ಬರಿಗೆ ಕಟ್ಟಲಿಲ್ಲ.

ಆಡಳಿತ ಮಂಡಳಿಯಲ್ಲಿ ಇದು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಸಭೆ ಕಂಪನಿಯಲ್ಲ ಎಂದರು ಒಬ್ಬರು. ಇನ್ನೊಬ್ಬರು, ಕರುಣೆಯಿಂದಲೇ, ಒಂದು ದೊಡ್ಡ ಮೊತ್ತವನ್ನು ಸಭೆಯ ವಾರ್ಷಿಕೋತ್ಸವದಲ್ಲಿ ಎಲ್ಲರ ಮುಂದೆ ಉಡುಗೊರೆಯಾಗಿ ಕೊಡೋಣ ಎಂದರು. ಹೆಚ್ಚಿನವರು ಒಪ್ಪಿದರು, ನನಗೂ ಒಂದು ಕ್ಷಣ ಹಾಯೆನಿಸಿತು. ಅಮ್ಮನನ್ನು ಕೇಳದೆ ತೀರ್ಮಾನಿಸುವುದು ಬೇಡವೆಂದು ಯುವಕ ಪಟ್ಟು ಹಿಡಿದ. ಕೇಳಿದೆವು. “ಉಡುಗೊರೆ ಬೇಡ. ಬಾಕಿ ಕೊಡಿ” ಎಂದರು ಅಮ್ಮ.

ಲೂಕನ ಹತ್ತೊಂಬತ್ತನೆಯ ಅಧ್ಯಾಯದ ಸುಂಕ ವಸೂಲಿಗಾರ ಜಕ್ಕಾಯನನ್ನು ಭಾನುವಾರದ ಶಾಲೆಯ ಮಕ್ಕಳಿಗೆ ಮರ ಹತ್ತಿದ ಕುಳ್ಳನೆಂದು ಪರಿಚಯಿಸುತ್ತೇವೆ. ಅವನು ಮರದಿಂದ ಇಳಿದ ಮೇಲೆ ಹೇಳಿದ ಎರಡು ಮಾತುಗಳು ಬೇರೆ ಬೇರೆ ಎಂಬುದನ್ನು ನಾನು ಗಮನಿಸಿದ್ದು ಆ ವಾರ. ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆ ಎಂದದ್ದು ದಾನ. ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದದ್ದು ದಾನವಲ್ಲ, ಸಾಲ ತೀರಿಸುವುದು. ಕದ್ದ ಕುರಿಗೆ ನಾಲ್ಕು ಕುರಿ ಕೊಡಬೇಕೆಂಬ ವಿಮೋಚನಕಾಂಡದ ಕಾನೂನನ್ನು ಅವನು ತನ್ನ ಮೇಲೆ ತಾನೇ ಹಾಕಿಕೊಂಡ. ಮೊದಲನೆಯದರಲ್ಲಿ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನು ಕೈಮುಗಿಯುತ್ತಾನೆ. ಎರಡನೆಯದರಲ್ಲಿ ತಲೆ ತಗ್ಗಿಸಬೇಕಾದವನು ಕೊಡುವವನು. ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಆ ಎರಡನೆಯ ಮಾತೂ ಬಂದ ಮೇಲೆ. ಬಾಕಿಯನ್ನು ಲೆಕ್ಕ ಹಾಕಿ ಮೂರು ಕಂತುಗಳಲ್ಲಿ ತೀರಿಸಿದೆವು. ನಾಲ್ಕರಷ್ಟು ಕೊಡಲಿಲ್ಲ, ನಮ್ಮ ನಂಬಿಕೆ ಜಕ್ಕಾಯನಷ್ಟು ಇರಲಿಲ್ಲ. ನಡಾವಳಿ ಪುಸ್ತಕದಲ್ಲಿ ತಪ್ಪೊಪ್ಪಿಗೆಯನ್ನು ಬರೆದು, ಅವರ ಮುಂದೆ ಓದಿ, ಎಲ್ಲರೂ ಸಹಿ ಮಾಡಿದೆವು. ಅಮ್ಮನನ್ನು ಲೆಕ್ಕ ಸಮಿತಿಗೆ ಸೇರಿಸಿಕೊಂಡೆವು.

ಅಲ್ಲಿಂದ ನಾನು ಮಾಡಿದ ಒಂದು ಕೆಲಸ ಸರಿಯೋ ತಪ್ಪೋ ಎಂದು ಇವತ್ತಿಗೂ ನನ್ನೊಳಗೆ ತೀರ್ಮಾನವಾಗಿಲ್ಲ. ಕರ್ತನ ಭೋಜನವನ್ನು, ಅಂದರೆ ಯೇಸುವಿನ ನೆನಪಿಗಾಗಿ ಸಭೆಯವರೆಲ್ಲ ಒಂದೇ ಮೇಜಿನಿಂದ ರೊಟ್ಟಿ ಹಂಚಿಕೊಳ್ಳುವ ಆಚರಣೆಯನ್ನು, ಒಂದು ವಾರ ಮುಂದಕ್ಕೆ ಹಾಕಿದೆ. ಹಾಗೆ ಮಾಡಲು ಕಾರಣವಾದದ್ದು ಪೌಲನು ಕೊರಿಂಥದವರಿಗೆ ಬರೆದ ಮಾತು. ಅಲ್ಲಿ ಉಳ್ಳವರು ಮೊದಲೇ ಬಂದು ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲ ಎಂದ ಪೌಲ. ಒಬ್ಬರಿಗೋಸ್ಕರ ಒಬ್ಬರು ಕಾದುಕೊಳ್ಳಿ ಎಂದ. ಆ ಪಂಕ್ತಿ ಮುರಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ ಚರಿತ್ರೆಯಿದೆ. 1857ರಲ್ಲಿ ಸೇರಿದ ಅದರ ಸಿನಡ್ ಎಂಬ ಆಡಳಿತ ಪರಿಷತ್ತು, ಎಲ್ಲ ಬಣ್ಣದವರೂ ಒಂದೇ ಸಭೆಯಲ್ಲಿರುವುದೇ ವಾಕ್ಯಕ್ಕೆ ಅನುಗುಣ ಎಂದು ಒಪ್ಪಿಕೊಂಡೇ, “ಕೆಲವರ ಬಲಹೀನತೆಯ ನಿಮಿತ್ತ” ಬೇರೆ ಆರಾಧನೆಗೆ ಅನುಮತಿ ಕೊಟ್ಟಿತು. ಒಂದು ರಿಯಾಯಿತಿ, ಅಷ್ಟೆ. 1881ರ ಹೊತ್ತಿಗೆ ಬಿಳಿಯರಲ್ಲದವರಿಗೆ ಬೇರೆ ಸಭೆಯೇ ಆಯಿತು. ಮುಂದಿನ ಶತಮಾನದಲ್ಲಿ ಅಪಾರ್ತೈಡ್ ಎಂಬ ವರ್ಣಭೇದ ನೀತಿ ಕಾನೂನಾದಾಗ ಅದಕ್ಕೆ ವೇದಶಾಸ್ತ್ರದ ಸಮರ್ಥನೆ ಒದಗಿದ್ದು ಈ ಸಭೆಯ ಕಡೆಯಿಂದಲೇ.

ಹಾಗೆ ಬೇರ್ಪಟ್ಟ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ಒಂದು ವಿಶ್ವಾಸಪ್ರಮಾಣವನ್ನು ಬರೆಯಿತು, 1986ರಲ್ಲಿ ಅಂಗೀಕರಿಸಿತು. ದೇವರು ವಿಶೇಷವಾಗಿ ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರು ಎಂದು ಅದು ಸಾರುತ್ತದೆ. ಪ್ರಮಾಣಕ್ಕಿಂತಲೂ ನನ್ನನ್ನು ತಟ್ಟಿದ್ದು ಅದರ ಜೊತೆಗಿನ ಪತ್ರ. ಇದು ಎರಡಲುಗಿನ ಕತ್ತಿ, ನಮ್ಮಲ್ಲಿ ಯಾರೂ ಮೊದಲ ಕಲ್ಲು ಎಸೆಯಲಾರೆವು, ನಮ್ಮ ಕಣ್ಣಿನಲ್ಲಿಯೂ ತೊಲೆಯಿದೆ ಎನ್ನುತ್ತಾರೆ ತುಳಿತಕ್ಕೊಳಗಾದ ಆ ಜನ. ಹಾಗೆಂದು ಎಲ್ಲವನ್ನೂ ಸಮಾಧಾನದ ಹೆಸರಿನಲ್ಲಿ ಮುಚ್ಚಿಹಾಕುವುದೂ ಅಲ್ಲ. 1985ರಲ್ಲಿ ಅದೇ ದೇಶದ ವೇದಶಾಸ್ತ್ರಿಗಳು ಹೊರತಂದ ಕೈರೋಸ್ ದಾಖಲೆ, ನ್ಯಾಯವಿಲ್ಲದ ಸಮಾಧಾನವನ್ನು ಬೋಧಿಸುವ ಸಭೆಯನ್ನೂ ಬಿಡದೆ ತರಾಟೆಗೆ ತೆಗೆದುಕೊಂಡಿತು. ಅದನ್ನು ಓದುವಾಗ ನನಗೆ ನನ್ನ ಧ್ವನಿಯೇ ಕೇಳಿಸಿತು. ಜಗಳವಾಡಿದ ಎಷ್ಟು ಜನರಿಗೆ ನಾನು ವಿಷಯವನ್ನೇ ವಿಚಾರಿಸದೆ ಕೈಕುಲುಕಿ ಎಂದಿದ್ದೆ!

ಇದನ್ನೆಲ್ಲ ಹೇಳಿ, ಮತ್ತಾಯನ ಐದನೆಯ ಅಧ್ಯಾಯ ಓದಿದೆ. ನೀನು ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗು. ಮುಂದಿನ ಭಾನುವಾರ ಭೋಜನವಿರುತ್ತದೆ, ಅಷ್ಟರಲ್ಲಿ ಹೋಗಬೇಕಾದಲ್ಲಿಗೆ ಹೋಗಿ ಬನ್ನಿ ಎಂದೆ. ಆರಾಧನೆ ಮುಗಿದ ಮೇಲೆ ಆ ಹಿರಿಯರು ಬಂದು ಹೇಳಿದರು: “ಅಯ್ಯನವರೇ, ಮೇಜು ಕರ್ತನದು. ಅರ್ಹರಾದ ಮೇಲೆ ಕೊಡುವ ಬಹುಮಾನವಲ್ಲ ಅದು. ತೆಗೆದಿಡುವ ಅಧಿಕಾರ ನಿಮಗೆ ಎಲ್ಲಿಂದ ಬಂತು?” ಅವರ ಮಾತು ಸರಿಯಾಗಿತ್ತು. ಇನ್ನೊಮ್ಮೆ ಆದರೆ ಮೇಜನ್ನು ಮುಂದಕ್ಕೆ ಹಾಕಲಾರೆ. ಮೊದಲು ನಾನು ಹೋಗಿಬಂದು, ಹೋಗಿಬಂದೆ ಎಂದು ಸಭೆಗೆ ಹೇಳಿ, ರೊಟ್ಟಿ ಮುರಿಯುತ್ತೇನೆ.

ಆ ವಾರ ನಾನು ಹೋದದ್ದು ಸಭೆ ಬಿಟ್ಟ ಕುಟುಂಬದ ಮನೆಗೆ. ಆ ವಚನದಲ್ಲಿ ದಿಕ್ಕು ಮುಖ್ಯ: ನನ್ನ ಮನಸ್ಸಿನಲ್ಲಿ ಅವನ ಮೇಲೆ ಇರುವುದರ ಮಾತಲ್ಲ ಅದು, ಅವನ ಮನಸ್ಸಿನಲ್ಲಿ ನನ್ನ ಮೇಲೆ ಇರುವುದರ ಮಾತು. ಅವರು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು. ನನ್ನ ಪ್ರಸಂಗದ ಒಂದು ದೃಷ್ಟಾಂತ ಅವರ ಮನೆಯ ಜಗಳದ್ದೇ ಆಗಿತ್ತು, ಹೆಸರು ಹೇಳದಿದ್ದರೂ ಸಭೆಯೆಲ್ಲ ತಿರುಗಿ ಅವರನ್ನು ನೋಡಿತ್ತು. ಗುಟ್ಟಾಗಿ ನನ್ನಲ್ಲಿ ಹೇಳಿಕೊಂಡದ್ದನ್ನು ನಾನು ಪೀಠದಿಂದ ಎಸೆದಿದ್ದೆ. ಗುಂಪಿನ ನಿಯಮದಂತೆ ಅವರ ಮಾತನ್ನು ಅವರಿಗೆ ತಿರುಗಿ ಹೇಳಿದೆ. ಎರಡನೆಯ ಸಲಕ್ಕೆ “ಹೌದು, ಅದೇ” ಎಂದರು. ಕ್ಷಮೆ ಕೇಳಿದೆ. ರಾಜಕೀಯದಲ್ಲಿ ನಾವು ಇಂದಿಗೂ ಎದುರು ದಡಗಳಲ್ಲಿದ್ದೇವೆ. ಅವರು ಸಭೆಗೆ ಮರಳಿಲ್ಲ. ತಿಂಗಳಿಗೊಮ್ಮೆ ನಾನು ಹೋಗುತ್ತೇನೆ, ಒಂದು ಕೀರ್ತನೆ ಓದುತ್ತೇವೆ, ಅವರ ತಾಯಿಗಾಗಿ ಪ್ರಾರ್ಥಿಸಿ ಬರುತ್ತೇನೆ.

ಲೋಕವೇ ಹೊತ್ತಿ ಉರಿಯುವಾಗ ಒಂದು ಸಭೆಯ ಪೊರಕೆ, ಲೆಕ್ಕಪುಸ್ತಕ ಇಷ್ಟಕ್ಕೇ ನಿಂತರೆ ಸಾಕೇ ಎಂದು ಗೆಳೆಯರೊಬ್ಬರು ಕೇಳಿದರು. ಸಾಕಾಗದು. ಆದರೆ ಅಲ್ಲಿಂದ ಹೊರಡದಿದ್ದರೆ ಎಲ್ಲಿಗೂ ತಲುಪುವುದಿಲ್ಲ ಎಂದು ನನಗೆ ತಿಳಿದ ಸಂದರ್ಭ ಇದು. ಒಂದು ದೊಡ್ಡ ಸಂಸ್ಥೆಯ ಗುತ್ತಿಗೆ ಕಾರ್ಮಿಕರಿಗೆ ಮೂರು ತಿಂಗಳಿಂದ ಸಂಬಳವಾಗಿರಲಿಲ್ಲ. ಅವರಲ್ಲಿ ನಮ್ಮ ಸಭೆಯವರು ಇಬ್ಬರೇ, ಉಳಿದವರು ಬೇರೆ ಧರ್ಮಗಳವರು. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯನ ಸುರುಳಿ ಓದಿದಾಗ ಜನ ಮೆಚ್ಚಿಕೊಂಡದ್ದನ್ನೂ, ಎಲೀಯನು ಹೋದದ್ದು ಸೀದೋನಿನ ವಿಧವೆಯ ಬಳಿಗೆ, ಎಲೀಷನ ಕಾಲದಲ್ಲಿ ಗುಣವಾದದ್ದು ಸಿರಿಯದ ನಾಮಾನ ಎಂದೊಡನೆ ಅದೇ ಜನ ಆತನನ್ನು ಗುಡ್ಡದಿಂದ ದೊಬ್ಬಲು ಎದ್ದದ್ದನ್ನೂ ಗುಂಪಿನಲ್ಲಿ ಹಿಂದಿನ ತಿಂಗಳಷ್ಟೇ ಓದಿದ್ದೆವು. ನಮ್ಮವರಲ್ಲ ಎಂದು ಯಾರೂ ಹೇಳಲಿಲ್ಲ. ಕಾರ್ಮಿಕರೊಂದಿಗೆ ಕಚೇರಿಗೆ ಹೋದೆವು. ಅಧಿಕಾರಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು: “ನಿಮ್ಮ ಚರ್ಚಿನಲ್ಲಿ ಕಸ ಗುಡಿಸುವವರಿಗೆ ಏನು ಕೊಡುತ್ತೀರಿ?” ಒಂದು ವರ್ಷದ ಹಿಂದೆ ಆಗಿದ್ದರೆ ಅಲ್ಲಿಯೇ ನಮ್ಮ ಬಾಯಿ ಕಟ್ಟುತ್ತಿತ್ತು. ಖಜಾಂಚಿ ಮೊತ್ತವನ್ನೂ ಕೊಡುವ ತಾರೀಖನ್ನೂ ಹೇಳಿದರು. ಅಧಿಕಾರಿ ಕುರ್ಚಿ ತೋರಿಸಿದರು. ಸಂಬಳದ ಬಾಕಿ ಬಂತು. ವಾರದ ರಜೆಯ ಬೇಡಿಕೆ ಇನ್ನೂ ಹಾಗೆಯೇ ಇದೆ, ಮತ್ತೆ ಹೋಗಬೇಕು.

ಗುಂಪು ಈಗ ಧರ್ಮೋಪದೇಶಕಾಂಡದಲ್ಲಿದೆ. ಇಪ್ಪತ್ನಾಲ್ಕನೆಯ ಅಧ್ಯಾಯದಲ್ಲಿ ಕೂಲಿಯವನ ಮಾತಿದೆ: ಅವನು ನಿನ್ನ ಜನದವನಾಗಲಿ ಪರದೇಶಿಯಾಗಲಿ, ಅವನ ಕೂಲಿಯನ್ನು ಆಯಾ ದಿನವೇ, ಹೊತ್ತು ಮುಳುಗುವುದರೊಳಗೆ ಕೊಡು, ಅವನು ಬಡವ, ಅದರ ಮೇಲೆಯೇ ಮನಸ್ಸಿಟ್ಟಿದ್ದಾನೆ. ಅಮ್ಮ ಇದನ್ನು ಎರಡು ಸಲ ಓದಿದರು, ಈಗ ಬೆರಳು ಬೇಕಾಗುವುದಿಲ್ಲ. ಮೊನ್ನೆ ಲೆಕ್ಕ ಸಮಿತಿಯ ಸಭೆ ನಡೆಯುತ್ತಿತ್ತು. ಹೊರಗೆ ಇಬ್ಬರು ಆಳುಗಳು ಚಾವಣಿ ರಿಪೇರಿ ಮುಗಿಸಿ ಏಣಿ ಇಳಿಸುತ್ತಿದ್ದರು. ಖಜಾಂಚಿ ಮುಂದಿನ ವರ್ಷದ ಬಜೆಟ್ ಓದುತ್ತಿದ್ದರು. ಅಮ್ಮ ಕಿಟಕಿಯಿಂದ ಆಚೆ ನೋಡಿ, ಮಾತಿನ ನಡುವೆಯೇ ಕೇಳಿದರು: “ಅವರಿಗೆ ಕೊಟ್ಟಾಯಿತೇ ಅಣ್ಣ?”

“ನಾಳೆ ಬರಲು ಹೇಳಿದ್ದೇನಮ್ಮ.”

“ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆ ಇದೆ” ಎಂದರು ಅಮ್ಮ.

ಖಜಾಂಚಿ ಕನ್ನಡಕ ತೆಗೆದು ಬಜೆಟ್ಟಿನ ಮೇಲಿಟ್ಟು, ಬೀರುವಿನ ಕೀಲಿ ಹಿಡಿದು ಎದ್ದರು.